ಹೆಣ ಏರದ ಗಾಡಿ

ಪುತ್ತೂರಿನಲ್ಲಿ ಹಳೇ ಗಾಡಿಗಳನ್ನು ಕೊಂಡು ಮಾರುವ ಕೆಲಸ ನನ್ನ ಗಂಡನದ್ದು. ಮದುವೆಯ ಮಾತುಕತೆಯಲ್ಲಿ ಇದನ್ನು ‘ಮೋಟಾರು ವ್ಯವಹಾರ’ ಎಂದು ಹೇಳಿದ್ದರು. ಬಸ್ಸು ಕಂಪೆನಿಯೇ ಇರಬೇಕೆಂದು ತಿಳಿದು ನನ್ನ ಅಪ್ಪ ಎರಡನೇ ಲೋಟ ಕಾಫಿಗೆ ಮೊದಲೇ ಒಪ್ಪಿಬಿಟ್ಟರು. ನಾನು ಬಂದು ನೋಡಿದರೆ ಬಾಡಿಗೆ ಮನೆಯ ಅಂಗಳದಲ್ಲಿ ಚಕ್ರವಿಲ್ಲದ ಒಂದು ಜೀಪು, ಅದರ ಸೀಟಿನ ಮೇಲೆ ಕಾವಿಗೆ ಕೂತ ಒಂದು ಕೋಳಿ. ನಾನು ಅಳಲಿಲ್ಲ. ಕೋಳಿಯಾದರೂ ಇದೆಯಲ್ಲ ಎಂದುಕೊಂಡೆ. ಮರುವಾರ ಜೀಪು ಮಾರಾಟವಾಯಿತು, ಕೋಳಿಯ ಸಮೇತ.

ಇವರ ತತ್ವ ಒಂದೇ. “ತೆಗೊಳ್ಳುವಾಗ ಗಾಡಿಯನ್ನು ನೋಡುದಲ್ಲ, ಅದನ್ನು ನಾಳೆ ನಮ್ಮಿಂದ ಯಾರು ತೆಗೊಳ್ತಾನೆ, ಅವನನ್ನು ನೋಡುದು.” ಕೊಡೆ ಕೊಳ್ಳುವಾಗಲೂ ಹಾಗೆಯೇ, ದನ ಕೊಳ್ಳುವಾಗಲೂ ಹಾಗೆಯೇ. ನನ್ನನ್ನು ನೋಡಲು ಬಂದಾಗಲೂ ಹಾಗೆಯೇ ನೋಡಿದ್ದರೋ ಏನೋ, ಕೇಳಲು ನನಗೆ ಧೈರ್ಯವಾಗಲಿಲ್ಲ. ಮನೆಯಲ್ಲಿ ಹೊಸದಾಗಿ ಬಂದ ಯಾವ ಸಾಮಾನನ್ನೂ ನಾವು ನೆಮ್ಮದಿಯಿಂದ ಬಳಸಿದ್ದಿಲ್ಲ. ಮರದ ಕುರ್ಚಿ ತಂದರೆ ಅದರ ಮೇಲೆ ಗೋಣಿ, ಗೋಣಿಯ ಮೇಲೆ ಪೇಪರು, ಪೇಪರಿನ ಮೇಲೆ ನಾವು.

ಆ ಕಾಲದಲ್ಲಿ ನಮ್ಮ ಕಡೆ ಹಳೇ ಗಾಡಿ ಕೊಳ್ಳಲು ಬರುವವರು ಇಂಜಿನ್ನನ್ನು ಕೇಳುತ್ತಿರಲಿಲ್ಲ, ಟಯರನ್ನು ಒದೆಯುತ್ತಿರಲಿಲ್ಲ. ಮೊದಲ ಪ್ರಶ್ನೆ, ಅದೂ ಸ್ವರ ತಗ್ಗಿಸಿ: “ಹೆಣ ಏರಿದ್ದುಂಟಾ?” ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡವರನ್ನು ಊರಿಗೆ ತರಲು ಬಾಡಿಗೆ ಕಾರೇ ಗತಿ. ಹಾಗೆ ತಂದ ಕಾರಿನ ಸುದ್ದಿ ಕಾರಿಗಿಂತ ಮೊದಲು ಊರು ಸೇರುತ್ತಿತ್ತು. ಆಮೇಲೆ ಅದಕ್ಕೆ ಅರ್ಧ ಬೆಲೆ. ತಮಾಷೆಯೆಂದರೆ, ಈ ಪ್ರಶ್ನೆ ಕೇಳುವ ಒಬ್ಬನಿಗೂ ಅದರಲ್ಲಿ ನಂಬಿಕೆ ಇದೆಯೆಂದು ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. “ನನಗೆ ಅದೆಲ್ಲ ಇಲ್ಲ ಮಾರಾಯ್ರೆ. ಆದ್ರೆ ನಾಳೆ ನಾನು ಮಾರುವಾಗ ಕೇಳ್ತಾರಲ್ಲ?” ಎಂದೇ ಎಲ್ಲರೂ ಹೇಳುವುದು. ಹೆದರುವವನು ಯಾವಾಗಲೂ ನಾಳೆ ಬರುವ ಇನ್ನೊಬ್ಬ. ಆ ಇನ್ನೊಬ್ಬನನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ.

ಇವರ ಉತ್ತರವೂ ಯಾವಾಗಲೂ ಒಂದೇ. “ಛೆ ಛೆ, ಎಂತ ಮಾತಾಡ್ತೀರಿ! ಈ ಗಾಡಿಯಲ್ಲಿ ಕೂತು ಕೆಮ್ಮಿದವರು ಸಹ ಇಲ್ಲ.” ಮೂರು ವರ್ಷ ಬರೀ ಹೆಣವನ್ನೇ ಹೊತ್ತ ಒಂದು ಕಪ್ಪು ಕಾರಿನ ಬಗ್ಗೆಯೂ ಇದನ್ನೇ ಹೇಳಿ, ಅದನ್ನು ಒಬ್ಬ ಮದುಮಗನ ಮನೆಯವರಿಗೆ ದಾಟಿಸಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ. ಕಣ್ಣು ಕೂಡ ಮಿಟುಕಿಸಿರಲಿಲ್ಲ.

ಅರವತ್ತರ ದಶಕದ ಆರಂಭದಲ್ಲಿ ಒಂದೇ ವರ್ಷ ಎರಡು ವಿಚಿತ್ರ ಗಾಡಿಗಳು ಮಾರಾಟಕ್ಕೆ ಬಂದವು. ಎರಡೂ ಚಕ್ರದ ಮೇಲಿನ ಮನೆಗಳು. ಒಳಗೆ ಮಲಗಬಹುದು, ಅಡುಗೆ ಮಾಡಬಹುದು, ಬೇಜಾರಾದರೆ ಮನೆಯನ್ನೇ ಎಬ್ಬಿಸಿಕೊಂಡು ಹೋಗಬಹುದು. ಒಂದು ಸುಳ್ಯದಾಚೆ ಘಟ್ಟದ ಬುಡದಲ್ಲಿ ತೋಟ ಇಟ್ಟಿದ್ದ ಬಿಳಿ ದೊರೆಯದ್ದು. ಆತ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದ. ಇನ್ನೊಂದು ಪುತ್ತೂರಿನಲ್ಲೇ ಇದ್ದ ಟೆಂಟು ಸಿನೆಮಾದ ಯಜಮಾನನದ್ದು. ಊರೂರು ತಿರುಗುವಾಗ ವಾಸಕ್ಕೆಂದು ಮಂಗಳೂರಿನಲ್ಲಿ ಬಾಡಿ ಕಟ್ಟಿಸಿದ್ದು.

“ಗಾಡಿ ನನ್ನ ಕಣ್ಣಿಗೆ ಕಾಣ್ತದೆ, ಮನೆ ಹೆಂಗಸರ ಕಣ್ಣಿಗೆ ಕಾಣುದು. ನೀನೂ ಬಾ,” ಎಂದು ಇವರು ನನ್ನನ್ನೂ ಕರೆದುಕೊಂಡು ಹೋದರು. ಇದು ಹೊಗಳಿಕೆ ಎಂದು ತಿಳಿದು ನಾನು ಒಳ್ಳೆ ಸೀರೆ ಉಟ್ಟೆ.

ಕಂಪೆನಿಗಳ ಹೆಸರು ಪುತ್ತೂರಿನಲ್ಲಿ ಯಾರಿಗೂ ಬೇಕಿರಲಿಲ್ಲ. ಗಾಡಿಗಳಲ್ಲಿ ಎರಡೇ ಜಾತಿ, ಮೂಗು ಇದ್ದದ್ದು ಮತ್ತು ಮೂಗು ಇಲ್ಲದ್ದು. ಮೂಗು ಇದ್ದದ್ದಕ್ಕೆ ಇಂಜಿನ್ ಮುಂದೆ, ಮರ್ಯಾದೆ ಜಾಸ್ತಿ. ಮೂಗು ಇಲ್ಲದ್ದಕ್ಕೆ ಇಂಜಿನ್ ಡ್ರೈವರನ ಮೊಣಕಾಲ ಪಕ್ಕದಲ್ಲೇ, ಅವನ ತೊಡೆ ಬೇಯುತ್ತದೆ, ಆದರೆ ಜಾಗ ಜಾಸ್ತಿ. ಟೆಂಟು ಸಿನೆಮಾದ ಗಾಡಿಗೆ ಮೂಗಿರಲಿಲ್ಲ. ಒಳಗೆಲ್ಲ ಹಲಸಿನ ಹಲಗೆ, ಮೂರು ಮಂಚ, ಒಂದು ನಿಲುವುಗನ್ನಡಿ, ಹೊರಗೆ ಎರಡೂ ಬದಿಗೆ ತೋಳಿಗಿಂತ ಕಣ್ಣು ದೊಡ್ಡದಿರುವ ನಾಯಕಿಯರ ಚಿತ್ರ. ಬೀಡಿಯ ವಾಸನೆ. ಆದರೆ ಯಾವ ಮೊಳೆ ಕಳಚಿದರೂ ಪುತ್ತೂರಿನ ಯಾವ ಬಡಗಿಯಾದರೂ ಹೊಡೆದುಕೊಡಬಹುದು. ನನಗೆ ಅದೇ ಹಿಡಿಸಿತು, ಹಾಗೆಂದು ಹೇಳಿದೆ ಕೂಡ.

ದೊರೆಯ ಗಾಡಿಗೆ ಉದ್ದ ಮೂಗು. ಒಳಗೆ ಒಂದೇ ಮಂಚ, ಆದರೆ ಹಾಸಿಗೆ ಎಂದರೆ ಹಾಸಿಗೆ. ಕೂತರೆ ಏಳಲು ಮನಸ್ಸು ಬಾರದು. ಕಿಟಕಿಗೆಲ್ಲ ಸೊಳ್ಳೆ ಬಲೆ, ಮಡಚುವ ಮೇಜು, ಪಿಂಗಾಣಿಯ ಪುಟ್ಟ ತೊಟ್ಟಿ, ಅದಕ್ಕೆ ನಲ್ಲಿ. ಒಲೆಯಿಂದ ಎರಡು ಮೊಳ ದೂರದಲ್ಲಿ ಒಂದು ಮರದ ಪೆಟ್ಟಿಗೆ. ನಾನು ಅದರ ಮುಚ್ಚಳ ಎತ್ತಿ ನೋಡಿ ಹಾಗೆಯೇ ಮುಚ್ಚಿದೆ.

“ಎಂತ ಉಂಟು ಅದರಲ್ಲಿ?” ಎಂದು ಇವರು ಕೇಳಿದರು.

“ಕಕ್ಕಸು,” ಎಂದೆ.

ಇವರ ಮುಖ ಸಪ್ಪಗಾಯಿತು. ಮನೆಯಿಂದ ಕೂಗಳತೆ ದೂರಕ್ಕೆ ಹೋಗಿ ಮಾಡುವ ಕೆಲಸವನ್ನು ಅನ್ನ ಬೇಯುವ ಜಾಗದಲ್ಲೇ ಮಾಡುವವರು ನಮ್ಮ ದೇಶವನ್ನು ಅಷ್ಟು ವರ್ಷ ಹೇಗೆ ಆಳಿದರೋ ಎಂದು ನಾನು ಯೋಚಿಸುತ್ತಿದ್ದರೆ, ಇವರು ಆಗಲೇ ನಾಳೆಯ ಗಿರಾಕಿಯ ಮುಖ ನೋಡುತ್ತಿದ್ದರು. ಆದರೂ ದೊರೆಯ ಗಾಡಿಯನ್ನೇ ಕೊಂಡರು. ಮೂಗಿನ ಮೋಹ. ಪೆಟ್ಟಿಗೆಯನ್ನು ತಿಕ್ಕಿ ತೊಳೆಸಿ, ಮುಚ್ಚಳಕ್ಕೆ ಮೊಳೆ ಹೊಡೆದು, ಮೇಲೆ ಅರಶಿನ ಕುಂಕುಮ ಹಚ್ಚಿ, ಅದು ‘ದೇವರ ಸಾಮಾನಿನ ಪೆಟ್ಟಿಗೆ’ ಎಂದು ಗಿರಾಕಿಗಳಿಗೆ ಹೇಳತೊಡಗಿದರು. ಅಡ್ಡಬೀಳಲು ಹೊರಟ ಒಬ್ಬರನ್ನು ನಾನೇ ಕಾಫಿಗೆ ಕರೆದು ತಪ್ಪಿಸಬೇಕಾಯಿತು.

ಸಿನೆಮಾ ಗಾಡಿ ತಿಂಗಳೊಳಗೆ ಒಳ್ಳೆ ಬೆಲೆಗೆ ಬೇರೆಯವರ ಪಾಲಾಯಿತು. ದೊರೆಯ ಗಾಡಿ ನಮ್ಮ ಅಂಗಳದಲ್ಲೇ ನಿಂತಿತು. ಇವರ ಕೈಯಲ್ಲಿದ್ದದ್ದೆಲ್ಲ ಅದರೊಳಗೆ ಹೋಗಿತ್ತು. ಅದನ್ನು ಮಾರಿದರೆ ಸ್ವಂತ ಮನೆ ಕಟ್ಟುವುದು ಎಂದು ಇವರು ನನಗೆ ಮಾತು ಕೊಟ್ಟಿದ್ದರು. ಹಾಗಾಗಿ ಆ ಗಾಡಿಯ ಮಾನ ಕಾಯುವುದು ನನ್ನ ಕೆಲಸವೂ ಆಯಿತು. ಹಾಸಿಗೆಗೆ ಮೇಣಬಟ್ಟೆ ಸುತ್ತಿದೆವು. ಒಲೆಯನ್ನು ಒಮ್ಮೆಯೂ ಹೊತ್ತಿಸಲಿಲ್ಲ. ಮಳೆಗಾಲದಲ್ಲಿ ನಾವು ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟುಕೊಂಡು ಮಲಗಿದೆವು. ಹತ್ತು ಹೆಜ್ಜೆ ಆಚೆ ಒಣಗಿದ, ಬೆಚ್ಚಗಿನ, ದೊರೆಯ ಹಾಸಿಗೆ ಖಾಲಿ ಇತ್ತು. ಇದನ್ನು ನೋಡಿ ನಕ್ಕವರು ನನ್ನ ಅತ್ತೆ ಒಬ್ಬರೇ.

ಅತ್ತೆಯ ಬಗ್ಗೆ ಹೇಳಬೇಕು. ಬಾವಿಕಟ್ಟೆಯ ಬಳಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಒಂದು ವರ್ಷದಿಂದ ಮಲಗಿದಲ್ಲೇ ಇದ್ದರು. ಎದೆಯೂ ಸರಿ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಬಾಯಿ ಮಾತ್ರ ಸರಿಯಾಗಿಯೇ ಇತ್ತು. ಅವರು ಬೈಯುತ್ತಿದ್ದದ್ದು ತುಳುವಿನಲ್ಲಿ. ಆ ರುಚಿಯನ್ನು ಕನ್ನಡಕ್ಕೆ ತರುವ ಶಕ್ತಿ ನನಗಿಲ್ಲ, ತಂದರೆ ಅಚ್ಚು ಮಾಡುವವರೂ ಇಲ್ಲ. ಅವರಿಗೆ ಉಳಿದಿದ್ದ ಆಸೆ ಒಂದೇ. ಕೋಡಿಂಬಾಳದ ತವರಿಗೆ ಹೋಗಬೇಕು, ಅಣ್ಣನನ್ನು ನೋಡಬೇಕು, ಸಾಯುವ ಮೊದಲು ಅವನಿಗೆ ಮುಖಕ್ಕೆ ಮುಖ ಕೊಟ್ಟು ಬೈಯಬೇಕು.

ಬೈಯಲು ಕಾರಣ ಹಲಸು. ತವರಿನ ಅಂಗಳದ ಬಕ್ಕೆ ಹಲಸಿನ ಮರದ ಮೊದಲ ಹಣ್ಣು ಪ್ರತಿವರ್ಷ ಅತ್ತೆಗೆ ಬರಬೇಕಿತ್ತು. ಗಟ್ಟಿ ತೊಳೆಯ, ಜೇನಿನಂಥ ಹಣ್ಣು. ಇಪ್ಪತ್ತು ವರ್ಷದ ಹಿಂದೆ ಒಮ್ಮೆ ಅಣ್ಣ ಅದನ್ನು ತನ್ನ ಹೆಂಡತಿಯ ಮನೆಗೆ ಕಳಿಸಿ, ತಂಗಿಗೆ ಪಿಚಪಿಚನೆಯ ತುಳುವ ಹಲಸನ್ನು ಕಳಿಸಿದ. ಅಂದಿನಿಂದ ಮಾತಿಲ್ಲ. ಅತ್ತೆ ಆ ಹಣ್ಣನ್ನು ದನಕ್ಕೆ ಹಾಕಿದರಂತೆ. “ದನವೂ ಮೂಸಿ ಬಿಟ್ಟಿತು,” ಎಂದು ಪ್ರತಿಸಲವೂ ಸೇರಿಸುತ್ತಿದ್ದರು.

ಬಸ್ಸಿನಲ್ಲಿ ಅವರಿಗೆ ಕೂರಲು ಸಾಧ್ಯವಿಲ್ಲ. ಎತ್ತಿನ ಗಾಡಿಯಲ್ಲಿ ಅಷ್ಟು ದೂರ ಹೋದರೆ ಉಳಿದ ಎಲುಬೂ ಉಳಿಯದು. ಮಲಗಿಸಿಕೊಂಡು ಹೋಗಬಹುದಾದ ವಾಹನ ಇಡೀ ತಾಲೂಕಿನಲ್ಲಿ ಒಂದೇ, ಅದು ಅವರ ಕಿಟಕಿಯ ಹೊರಗೇ ನಿಂತಿತ್ತು. “ಆ ಹಾಸಿಗೆ ಎಂತಕ್ಕೆ ಇಟ್ಟದ್ದು? ನೋಡ್ಲಿಕ್ಕಾ?” ಎಂದು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೇಳುತ್ತಿದ್ದರು. ಇವರು ಕೇಳಿಸದವರಂತೆ ಹೊರಗೆ ಹೋಗುತ್ತಿದ್ದರು.

ಇವರ ಭಯ ಏನೆಂದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಎದೆ ಸರಿ ಇಲ್ಲದ ಮುದುಕಿ, ಕಲ್ಲು ಗುಂಡಿಯ ರಸ್ತೆ. ದಾರಿಯಲ್ಲಿ ಏನಾದರೂ ಆದರೆ ಗಾಡಿ ಹೋಯಿತು, ಮನೆ ಹೋಯಿತು.

ಆಗ ಪೇಟೆಯ ಒಬ್ಬ ಬ್ಯಾರಿ ಅಡಿಕೆ ವ್ಯಾಪಾರಿ ಗಾಡಿ ನೋಡಲು ಬಂದರು. ಮನೆಯ ಹೆಂಗಸರನ್ನೆಲ್ಲ ಕರೆದುಕೊಂಡು ಅಜ್ಮೀರದ ದರ್ಗಾಕ್ಕೆ ಹೋಗುವ ಆಸೆ ಅವರಿಗೆ. ಒಳಗೆ ಹೋದವರು ನೇರ ಪೆಟ್ಟಿಗೆಯ ಬಳಿ ನಿಂತು, ಬೆರಳಿನಿಂದ ತಟ್ಟಿ, “ಇದು ಕಕ್ಕಸು ಅಲ್ವಾ?” ಎಂದರು. ಇವರು ಬಾಯಿ ತೆರೆಯುವಷ್ಟರಲ್ಲಿ, “ಒಳ್ಳೆದಾಯ್ತು ಮಾರಾಯ್ರೆ, ಹೆಂಗಸರಿಗೆ ದಾರಿಯಲ್ಲಿ ಇದೇ ದೊಡ್ಡ ತೊಂದರೆ. ಎಂತಕ್ಕೆ ಮೊಳೆ ಹೊಡೆದದ್ದು?” ಎಂದರು. ಎರಡು ವರ್ಷ ಮುಚ್ಚಿಟ್ಟದ್ದೇ ಗಾಡಿಯ ಬೆಲೆ ಏರಿಸುವ ವಸ್ತುವೆಂದು ತಿಳಿದಾಗ ಇವರು ಕುಂಕುಮ ಒರೆಸುತ್ತ ನಿಂತ ಭಂಗಿ ಇನ್ನೂ ನನ್ನ ಕಣ್ಣ ಮುಂದಿದೆ. ವ್ಯಾಪಾರಿ ಬಾಯಿಮಾತಿಗೆ ಒಪ್ಪಿ, ಅಡಿಕೆ ಸುಗ್ಗಿ ಮುಗಿಯುತ್ತಲೇ ಬರುತ್ತೇನೆ ಎಂದು ಹೋದರು.

ಅಂದು ನಾನು ಇವರೊಡನೆ ಜಗಳ ಮಾಡಿದೆ. “ಗಾಡಿ ಹೋದ ಮೇಲೆ ಅವರನ್ನು ಹೇಗೆ ಕರ್ಕೊಂಡು ಹೋಗುದು? ಹೊತ್ತುಕೊಂಡಾ?” ಎಂದೆ. ಇವರು ನನ್ನ ಮನೆಯ ಆಸೆಯನ್ನೇ ನನಗೆ ನೆನಪಿಸಿದರು. ನಿಜ ಹೇಳುತ್ತೇನೆ, ಒಂದು ಗಳಿಗೆ ಸೋರದ ಮಾಡು ನನ್ನ ಕಣ್ಣಿಗೂ ಕಂಡಿತು. ಆಗ ಒಳಗಿನಿಂದ ಅತ್ತೆ ಕೂಗಿ ಹೇಳಿದರು, “ಗಾಡಿಯಲ್ಲಿ ಸಾಯುದಿಲ್ಲ ಅಂತ ಬೇಕಾದ್ರೆ ದೇವರ ಮೇಲೆ ಆಣೆ ಇಡ್ತೇನೆ. ಪೆಟ್ಟಿಗೆ ತಾ, ಮುಟ್ಟಿ ಹೇಳ್ತೇನೆ.” ಯಾವ ಪೆಟ್ಟಿಗೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಇವರೂ ನಕ್ಕುಬಿಟ್ಟರು. ನಕ್ಕ ಮೇಲೆ ಇಲ್ಲ ಎನ್ನುವುದು ಕಷ್ಟ.

ಮರುದಿನ ಬೆಳಗ್ಗೆ ಅವರನ್ನು ಹಲಗೆಯ ಮೇಲೆ ಎತ್ತಿ ಒಳಗೆ ಮಲಗಿಸಿದೆವು. ಮೇಣಬಟ್ಟೆ ತೆಗೆಯಲು ಇವರು ಒಪ್ಪಲಿಲ್ಲ. ಇವರು ಮುಂದೆ ಗಾಡಿ ನಡೆಸಿದರು, ನಾನು ಹಿಂದೆ ಅತ್ತೆಯ ಬಳಿ ಕೂತೆ. ಪ್ರತಿ ಗುಂಡಿಗೂ ಮೇಣಬಟ್ಟೆ ಚರಚರ ಎನ್ನುತ್ತಿತ್ತು, ಪ್ರತಿ ಚರಚರಕ್ಕೂ ಅತ್ತೆ ಮಗನಿಗೆ ಒಂದು ಬೈಗುಳ ಕೊಡುತ್ತಿದ್ದರು. ಉಪ್ಪಿನಂಗಡಿಯಲ್ಲಿ ನೀರಿಗೆಂದು ನಿಲ್ಲಿಸಿದಾಗ ಔಷಧಿ ಮಾರುವವರು ಬಂದಿದ್ದಾರೆಂದು ಜನ ಸೇರಿದರು. ಒಬ್ಬರು ಕಿಟಕಿಗೆ ಬಾಯಿಟ್ಟು ಹುಳಕ್ಕೆ ಮದ್ದು ಕೇಳಿದರು. ಅತ್ತೆ ಮಲಗಿದಲ್ಲಿಂದಲೇ ಪಥ್ಯ ಸಮೇತ ಹೇಳಿಕೊಟ್ಟರು.

ಕೋಡಿಂಬಾಳದಲ್ಲಿ ಇವರು ಗಾಡಿಯನ್ನು ಹಿಂದಕ್ಕೆ ತಂದು ಹಿಂಬಾಗಿಲು ಜಗಲಿಗೆ ತಾಗುವಂತೆ ನಿಲ್ಲಿಸಿದರು. ಅಣ್ಣ ಕೋಲೂರಿಕೊಂಡು ಬಂದು ಗಾಡಿಯ ಬಾಗಿಲಲ್ಲೇ ಕೂತರು. ಅತ್ತೆ ಇಪ್ಪತ್ತು ವರ್ಷದ್ದನ್ನು ಒಂದೇ ಉಸಿರಿಗೆ ಶುರು ಮಾಡಿದರು. ಹಣ್ಣು, ಅತ್ತಿಗೆ, ಅತ್ತಿಗೆಯ ಮನೆಯವರು, ಅವರ ಹಲ್ಲು, ಎಲ್ಲ ಬಂತು. ಅಣ್ಣ ತಲೆ ಅಲ್ಲಾಡಿಸುತ್ತ ಕೇಳಿದರು. ಅತ್ತೆ ಉಸಿರು ತೆಗೆಯಲು ನಿಂತಾಗ, “ಊಟ ಆಯ್ತಾ?” ಎಂದರು.

ಅವರಿಗೆ ಕಿವಿ ಕೇಳುವುದು ನಿಂತು ಆರು ವರ್ಷವಾಗಿತ್ತಂತೆ. ಮಾತು ಬಿಟ್ಟ ಮನೆಗೆ ಆ ಸುದ್ದಿ ಯಾರು ತರುತ್ತಾರೆ?

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಅಣ್ಣನ ಕೈಯನ್ನು ಹಿಡಿದೆಳೆದು ಹಾಸಿಗೆಯ ಮೇಲೆ ಇಟ್ಟುಕೊಂಡು, ಇನ್ನೊಮ್ಮೆ ಮೊದಲಿನಿಂದ ಬೈದರು, ಈ ಸಲ ಮೆಲ್ಲಗೆ. ಅಣ್ಣ ಮಧ್ಯೆ ಮಧ್ಯೆ ಮೈ ಹೇಗಿದೆ, ಮಗನ ವ್ಯಾಪಾರ ಹೇಗಿದೆ, ಮಳೆ ಹೇಗಾಯಿತು ಎಂದು ಕೇಳುತ್ತಲೇ ಇದ್ದರು. ಎರಡು ಗಂಟೆ ಇದೇ ನಡೆಯಿತು. ಅಷ್ಟು ಸುಖವಾಗಿ ಇಬ್ಬರು ಮಾತಾಡಿದ್ದನ್ನು ನಾನು ಮತ್ತೆ ನೋಡಿಲ್ಲ.

ವಾಪಸು ಬರುವಾಗ ಅತ್ತೆ ಸುಮ್ಮನಿದ್ದರು. ಆಯಾಸವಾಗಿರಬೇಕೆಂದು ನಾನು ಬೀಸಣಿಗೆ ಬೀಸುತ್ತಿದ್ದೆ. ರಾಮಕುಂಜ ದಾಟುತ್ತಿದ್ದಂತೆ ಅವರ ಮೈ ತಣ್ಣಗೆ ಬೆವರಿತು, ಉಸಿರು ಮೇಲೆ ಮೇಲೆ ಬಂತು. ನಾನು ಇವರ ಸೀಟಿನ ಹಿಂದಿನ ಹಲಗೆಯನ್ನು ಬಡಿದೆ. ಇವರು ಮಾವಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ ಹಿಂದೆ ಓಡಿಬಂದರು.

“ನನ್ನನ್ನು ಇಳಿಸು,” ಎಂದರು ಅತ್ತೆ.

“ಎಂತಕ್ಕೆ?”

“ಇಳಿಸು ಅಂದೆ. ಆ ಮರದ ಅಡಿಯಲ್ಲಿ ಒಂದು ಚಾಪೆ ಹಾಕು. ಇದರಲ್ಲಿ ಹೋದ್ರೆ ನಿನ್ನ ಗಾಡಿ ಯಾರು ತೆಗೊಳ್ತಾರೆ?” ಉಸಿರಿಲ್ಲ, ಆದರೂ ಬೈಗುಳದ ಸ್ವರವೇ. “ಇವಳಿಗೆ ಮನೆ ಬೇಡ್ವಾ? ಬೇಗ ಇಳಿಸು ಮಾರಾಯ.”

ಚಾಪೆ ನನ್ನ ಕಾಲ ಬಳಿಯೇ ಇತ್ತು. ಇವರು ಚಾಪೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಒಳಗೆ ಹತ್ತಿ, ಒಂದು ಕೈಯಿಂದ ತಾಯಿಯನ್ನು ಮೆಲ್ಲಗೆ ಎತ್ತಿ, ಇನ್ನೊಂದು ಕೈಯಿಂದ ಅಡಿಯ ಮೇಣಬಟ್ಟೆಯನ್ನು ಎಳೆದು ರಸ್ತೆಗೆ ಎಸೆದರು. “ಸುಮ್ಮನೆ ಮಲಗು ನೀನು,” ಎಂದರು. ಕೂರಲು ಬೇರೆ ಜಾಗವಿರಲಿಲ್ಲ. ಆ ಪೆಟ್ಟಿಗೆಯ ಮೇಲೆಯೇ ಕೂತು ತಾಯಿಯ ಕಾಲು ಒತ್ತತೊಡಗಿದರು.

ಅತ್ತೆ ಒಂದೆರಡು ಸಲ ಏಳಲು ನೋಡಿದರು. ಆಮೇಲೆ ಅಂಗೈಯಿಂದ ಹಾಸಿಗೆಯನ್ನು ಸವರಿ, “ಒಳ್ಳೆ ಮೆತ್ತಗೆ ಉಂಟು,” ಎಂದರು. ಅದೇ ಕೊನೆಯ ಮಾತು.

ಊರಿಗೆ ಸುದ್ದಿ ಹೇಳಿದವಳು ನಾನು. ಅತ್ತೆ ತವರಿಗೆ ಹೋಗಿ ಬಂದು, ಮನೆಯೊಳಗೆ ತಮ್ಮ ಚಾಪೆಯಲ್ಲಿ ಮಲಗಿ, ನೀರು ಕುಡಿದು ತೀರಿಕೊಂಡರು ಎಂದೆ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅತ್ತೆಗೂ ಅದೇ ಬೇಕಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಬಂದವರೆಲ್ಲ ಪುಣ್ಯವಂತೆ ಎಂದರು. ಇವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಸುಗ್ಗಿ ಮುಗಿಸಿ ವ್ಯಾಪಾರಿ ಬಂದರು. ತಾಯಿ ಹೋದದ್ದಕ್ಕೆ ಮೊದಲು ನಾಲ್ಕು ಮಾತಾಡಿ ಮರುಗಿದರು. ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಬಂದು, ಮುಜುಗರದಿಂದಲೇ ಕೇಳಿದರು, “ಕೇಳ್ಬಾರದು. ನನಗೆ ಅದೆಲ್ಲ ಇಲ್ಲ. ಆದ್ರೆ ನಾಳೆ ನಾನು ಮಾರುವಾಗ ಕೇಳ್ತಾರಲ್ಲ. ಹೆಣ ಏರಿದ್ದುಂಟಾ?”

ನಾನು ಬಾಗಿಲ ಹಿಂದೆ ನಿಂತಿದ್ದೆ. ಕೆಮ್ಮಿದವರೂ ಇಲ್ಲ ಎಂಬ ಮಾತಿಗೆ ಕಾದೆ. ನನ್ನ ಮನೆಯ ಅಡಿಪಾಯ ಆ ಒಂದು ಸುಳ್ಳಿನ ಮೇಲೆ ನಿಂತಿತ್ತು.

“ಉಂಟು,” ಎಂದರು ಇವರು. “ನನ್ನ ಅಮ್ಮ ಹೋದದ್ದು ಅದರಲ್ಲೇ. ಆ ಹಾಸಿಗೆಯಲ್ಲೇ.”

ನನಗೆ ಸಿಟ್ಟು ಉಕ್ಕಿತು. ಜೀವಮಾನವಿಡೀ ಊರಿಗೆಲ್ಲ ಸುಳ್ಳು ಹೇಳಿ, ನನ್ನ ಮನೆಯ ಹೊತ್ತಿಗೆ ಸರಿಯಾಗಿ ಸತ್ಯವಂತನಾಗುವುದೇ? ಹೊರಗೆ ಬಂದು ಏನೋ ಹೇಳಲು ಹೊರಟೆ.

ವ್ಯಾಪಾರಿ ಅಷ್ಟರಲ್ಲಿ, “ನೀವು ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಮಾರಾಯ್ರೆ,” ಎಂದರು. ನಿಜವಾಗಿಯೂ ಬೇಸರದಿಂದಲೇ ಎಂದರು.

“ಗೊತ್ತಾಗ್ಬಾರದು ಅಂತಲೇ ಅವಳು ಇಳಿಸು ಇಳಿಸು ಅಂದದ್ದು,” ಎಂದರು ಇವರು. “ನಾನು ಇಳಿಸ್ಲಿಲ್ಲ. ಈಗ ಇಲ್ಲ ಅಂದ್ರೆ, ಅವಳನ್ನು ರಸ್ತೆಬದಿಯಲ್ಲಿ ಇಳಿಸಿಯೇ ಬಂದ ಹಾಗೆ ಅಲ್ವಾ?”

ನಾನು ಹೊಸಿಲಿನಲ್ಲೇ ನಿಂತೆ. ವ್ಯಾಪಾರಿ ಅರ್ಧ ಬೆಲೆ ಹೇಳಿದರು. ಇವರು ಚೌಕಾಸಿ ಮಾಡದೆ ಬೀಗದ ಕೈ ಕೊಟ್ಟರು.